ಎರಡು ಅರ್ಜಿಗಳು

ಜಿಬ್ಲಾ, ಯೆಮನ್
೧೨ ಶಾಬಾನ್ ೧೪೩೩ (೨ ಜುಲೈ ೨೦೧೨)

ಮಗ ನಶ್ವಾನನಿಗೆ ಅಪ್ಪನ ಸಲಾಮು, ಆಶೀರ್ವಾದ.

ಈ ಸಲ ಪತ್ರ ಬಹಳ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪೆಟ್ರೋಲಿಗೆ ಸಾಲು ನಿಲ್ಲಬೇಕು, ರೆಡ್‌ಕ್ರಾಸ್‌ನವರು ಇತ್ತ ಬರುವುದು ಕಡಿಮೆಯಾಗಿದೆ ಎಂದೆಲ್ಲ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ಬರೆಯಲು ಮನಸ್ಸೇ ಬರಲಿಲ್ಲ. ಈಗಲೂ ಬಂದಿಲ್ಲ, ಆದರೂ ಕೂತಿದ್ದೇನೆ. ಇದನ್ನು ನಿನಗಿಂತ ಮೊದಲು ಓದುವ ಸೈನಿಕನಿಗೂ ಒಂದು ಸಲಾಮು. ಕಪ್ಪು ಮಸಿ ಬಳಿಯುವಂಥದ್ದು ಇದರಲ್ಲಿ ಏನೂ ಇಲ್ಲ, ಎಲ್ಲ ಮನೆಯ ಸುದ್ದಿ.

ನಿನ್ನಮ್ಮ ಚೆನ್ನಾಗಿದ್ದಾಳೆ. ಮೊಣಕಾಲು ನೋವೆಂದು ಮಹಡಿಯಿಂದ ಇಳಿಯುವುದಿಲ್ಲ. ಬಾಯಿಗೆ ಮಾತ್ರ ಏನೂ ಆಗಿಲ್ಲ, ಕಿಟಕಿಯಲ್ಲಿ ಕೂತೇ ಇಡೀ ಬೀದಿಯನ್ನು ಆಳುತ್ತಾಳೆ. ನಾನು ಅದೇ ಹಳೆಯ ಬಾಡಿಗೆ ಗಾಡಿಯನ್ನು ಇಬ್‌ನಿಂದ ತಾಯಿಜ್‌ಗೆ ಓಡಿಸುತ್ತಿದ್ದೇನೆ. ನೀನು ಹೋದಾಗ ತಾಯಿಯ ಹೊಟ್ಟೆಯಲ್ಲಿದ್ದ ಅರ್ವಾ ಈಗ ನನ್ನ ಭುಜದವರೆಗೆ ಬರುತ್ತಾಳೆ. ಮೊನ್ನೆ ತಾನೇ ಹಬ್ಬದ ತಿಂಡಿ ಬಿಂತ್ ಅಸ್ಸಹನ್ ಬೇಯಿಸಿದಳು. ಪದರ ಬಿಡದೆ ಒಂದೇ ಗಟ್ಟಿ ರೊಟ್ಟಿಯಾಗಿತ್ತು. ಜೇನು ಸುರಿದುಕೊಂಡು ತಿಂದೆ.

"ಅಜ್ಜಾ, ನಿಜ ಹೇಳು, ಹೆಂಗಿದೆ?"

"ಇಳಿಜಾರಲ್ಲಿ ಗಾಡಿ ಚಕ್ರದ ಕೆಳಗೆ ಇಡೋಕೆ ಚೆನ್ನಾಗಿದೆ ಕಣೇ."

"ಅಪ್ಪ ಬಂದಾಗ ಸರಿಯಾಗಿ ಮಾಡ್ತೀನಿ. ನಿಂಗೆ ಒಂದು ಚೂರೂ ಕೊಡಲ್ಲ, ನೋಡ್ತಿರು."

ಕಳೆದ ಸಲ ರೆಡ್‌ಕ್ರಾಸ್‌ನವರು ಮಾಡಿಸಿದ ವಿಡಿಯೋ ಕರೆಯಲ್ಲಿ ನಮ್ಮನ್ನೆಲ್ಲ ನೋಡಿದ ಮೇಲೂ ನೀನು ಹಿಂದುಗಡೆ ಯಾರನ್ನೋ ಹುಡುಕುತ್ತಿದ್ದೆ. "ತಖಿಯ್ಯಾ ಎಲ್ಲಿ?" ಎಂದೆ. ನಿನ್ನ ಹೆಂಡತಿಗೆ ಜ್ವರ ಎಂದು ನಿನ್ನಮ್ಮ ಹೇಳಿದಳು. ಆ ವಿಷಯ ಕೊನೆಗೆ ಬರೆಯುತ್ತೇನೆ.

ಮೊದಲು ಮೊಕದ್ದಮೆ. ವಕೀಲೆ ಎಡಿತ್ ನಿನಗೆ ಹೇಳಿರಬಹುದು, ಆದರೆ ನನಗೆ ಈಚೆಗೆ ಎಲ್ಲ ಮೊದಲಿನಿಂದ ನೆನಪಾಗುತ್ತಿದೆ. ಓದಲು ಪೇಶಾವರಕ್ಕೆ ಹೋದ ನಿನ್ನನ್ನು ಅಮೆರಿಕದ ಸೇನೆಯವರು ಹಿಡಿದು ಕ್ಯೂಬಾದ ಸೆರೆಗೆ ಹಾಕಿ ಮೂರು ವರ್ಷ ಕಳೆದಿತ್ತು. ಆಗ ಅವಳು ದುಭಾಷಿಯ ಜೊತೆ ನಮ್ಮ ಮನೆಗೆ ಬಂದಳು. ಸೇನೆಯ ವಶದಲ್ಲಿರುವವನು ತಾನೇ ನ್ಯಾಯಾಲಯಕ್ಕೆ ಬರಲಾರ, ಹತ್ತಿರದವರು ಯಾರಾದರೂ ಅವನ ಪರವಾಗಿ ಅರ್ಜಿ ಹಾಕಬೇಕು ಎಂದಳು. ನಾನು ಸಹಿ ಹಾಕಿದೆ. ಬರೀ ಸಹಿ ಸಾಲದೆನಿಸಿತು. ಸೊಂಟದ ಬಾಕನ್ನು, ನನ್ನ ಜಂಬಿಯಾವನ್ನು, ಪಟ್ಟಿಸಮೇತ ಬಿಚ್ಚಿ ಅವಳ ಮುಂದೆ ಇಟ್ಟೆ.

"ಇದನ್ನ ನಿಮ್ಮ ನ್ಯಾಯಾಧೀಶರ ಮುಂದೆ ಇಡಮ್ಮ. ನನ್ನ ಮಗ ತಪ್ಪು ಮಾಡಿದ್ರೆ ಇದು ವಾಪಸ್ ಬೇಡ. ಮಾಡಿಲ್ಲ ಅಂದ್ರೆ ಹುಡುಗನ್ನ ಕಳಿಸಲಿ."

"ನಮ್ಮ ಕೋರ್ಟಲ್ಲಿ ಒತ್ತೆ ಇಟ್ಕೊಳ್ಳಲ್ಲ ಯಜಮಾನ್ರೇ. ಸಾಕ್ಷಿ ಕೇಳ್ತಾರೆ."

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು" ಎಂದು ಮತ್ತೆ ಕಟ್ಟಿಕೊಂಡೆ. ದುಭಾಷಿ ನಕ್ಕ, ಅವಳು ನಗಲಿಲ್ಲ.

ಆಮೇಲೆ ವರ್ಷಗಟ್ಟಲೆ ಕಾದು ಗೆದ್ದೆವಲ್ಲ. ನಿನ್ನನ್ನು ಹಿಡಿದಿಡಲು ಸಾಕ್ಷಿ ಸಾಲದು, ಬಿಡಿ ಎಂದು ವಾಷಿಂಗ್ಟನ್ನಿನ ನ್ಯಾಯಾಧೀಶರು ಬರೆದರು. ಬಿಡಿ ಎಂದರೆ ಬಿಟ್ಟಂತೆಯೇ ಎಂದುಕೊಂಡೆವು. ನಮ್ಮಲ್ಲಿ ಶೇಖ್ ತೀರ್ಪು ಹೇಳಿದರೆ ಮನುಷ್ಯ ಸಂಜೆಗೆ ಮನೆಯಲ್ಲಿರುತ್ತಾನೆ. ಎರಡು ಕುರಿ ಕಡಿದೆವು. ನಿನ್ನ ಚಿಕ್ಕಪ್ಪ ಮಾಳಿಗೆಯಿಂದ ಗುಂಡು ಹಾರಿಸಿದ. ತಖಿಯ್ಯಾ ಕೈಗೆ ಮದರಂಗಿ ಹಚ್ಚಿಕೊಂಡಳು. ನಾನು ಗಾಡಿ ತೊಳೆದು ಸನಾ ವಿಮಾನ ನಿಲ್ದಾಣಕ್ಕೇ ಹೋಗಿ ಕ್ಯೂಬಾದ ವಿಮಾನ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅಲ್ಲಿದ್ದವನು ನನ್ನನ್ನು ಕೂರಿಸಿ ಚಹಾ ಕೊಟ್ಟ. "ಅಂಥ ವಿಮಾನ ಇಲ್ಲ ಚಾಚಾ, ಮನೆಗೆ ಹೋಗಿ" ಎಂದ.

ಸರ್ಕಾರ ಮೇಲಿನ ನ್ಯಾಯಾಲಯಕ್ಕೆ ಹೋಯಿತು. ಸಾಕ್ಷಿಗಳನ್ನು ಒಂದೊಂದಾಗಿ ನೋಡಿದ್ದು ತಪ್ಪು, ಒಟ್ಟಿಗೆ ನೋಡಬೇಕಿತ್ತು ಎಂದು ಅವರು ತೀರ್ಪನ್ನು ತಿರುಗಿಸಿದರು. ಒಂದೊಂದೂ ಪೊಳ್ಳಾದ ಕಾಳನ್ನು ಚೀಲಕ್ಕೆ ತುಂಬಿದರೆ ತೂಕ ಬರುತ್ತದಂತೆ. ಅದರ ಮೇಲೆ ಉಳಿದದ್ದು ಅತ್ಯುನ್ನತ ನ್ಯಾಯಾಲಯ ಒಂದೇ. ಚಳಿ ಮುಗಿಯುವ ಹೊತ್ತಿಗೆ ಎಡಿತ್ ಫೋನ್ ಮಾಡಿಸಿದಳು. ಅವರು ಅರ್ಜಿಯನ್ನು ಕೇಳುವುದೇ ಇಲ್ಲವಂತೆ.

"ಯಾಕಂತೆ?"

"ಯಾಕೆ ಅಂತ ಹೇಳಲ್ಲ ಅವರು."

"ಹಾಗಾದ್ರೆ ಇನ್ನು ಎಷ್ಟು ದಿನ ಇಟ್ಕೋತಾರೆ?"

"ಯುದ್ಧ ಮುಗಿಯೋವರೆಗೂ."

"ಅದು ಯಾವಾಗ ಮುಗಿಯತ್ತೆ?"

"ಸರ್ಕಾರ ಮುಗೀತು ಅಂದಾಗ."

ಸರಿ ಎಂದೆ. ಅವಳ ಆರೋಗ್ಯ ವಿಚಾರಿಸಿದೆ. ಫೋನ್ ಇಟ್ಟು ಐದು ಜನರನ್ನು ತಾಯಿಜ್‌ಗೆ ಬಿಟ್ಟು ಬಂದೆ. ದಾರಿ ಒಂದೂ ನೆನಪಿಲ್ಲ. ರಾತ್ರಿ ನಿನ್ನಮ್ಮನಿಗೆ ಹೇಳಿದರೆ ಅವಳು "ಹಿಟ್ಟು ತಂದ್ರಾ?" ಎಂದು ಕೇಳಿದಳು. ತಂದಿದ್ದೆ. ಸಿಟ್ಟೂ ಇಲ್ಲ, ಅಳುವೂ ಇಲ್ಲ ಮಗನೇ. ಮೊದಲು ಸುದ್ದಿ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಬೇರೆ ಯಾರದೋ ಮನೆಯ ವಿಷಯ ಕೇಳಿದಂತಿರುತ್ತದೆ. ಇದು ನನಗೇ ಸರಿ ಕಾಣುವುದಿಲ್ಲ. ಎಡಿತ್ ಹೊಸ ಅರ್ಜಿ ಬರೆಯುತ್ತಿದ್ದಾಳೆ. ಅದಕ್ಕೂ ಸಹಿ ಹಾಕುತ್ತೇನೆ.

ರಂಜಾನ್ ಹತ್ತಿರ ಬಂತು. ಉಪವಾಸ ಬಿಟ್ಟ ಮೇಲೆ ಹೊಟ್ಟೆ ತುಂಬ ಉಣ್ಣು, ಕಾವಲಿನವರ ಮೇಲಿನ ಹಟಕ್ಕೆ ತಟ್ಟೆ ತಳ್ಳಬೇಡ. ದೇವರು ನಿನ್ನ ಮೈಮನಸ್ಸು ಗಟ್ಟಿಯಾಗಿಡಲಿ, ನಿನ್ನ ಬಾಗಿಲು ತೆರೆಯಲಿ, ನಾವಿಬ್ಬರೂ ಇರುವಾಗಲೇ ತೆರೆಯಲಿ.

ನಿನ್ನ ಅಪ್ಪ,
ಮುಸಯಿದ್

ಮರೆತು ಬಿಟ್ಟದ್ದಲ್ಲ, ಮುಂದೂಡಿದ್ದು: ತಖಿಯ್ಯಾಳಿಗೆ ಜ್ವರ ಬಂದಿರಲಿಲ್ಲ. ಅವಳು ಯರೀಮಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಗಂಡ ಎಂದು ಬರುತ್ತಾನೆಂದು ಗೊತ್ತಿಲ್ಲದವಳನ್ನು ಖಾಜಿ ಮದುವೆಯಿಂದ ಬಿಡಿಸಬಹುದು, ನಿನಗೂ ಗೊತ್ತು. ಅವಳಾಗಿ ಕೇಳಲಿಲ್ಲ. "ನನಗೆ ಸಾಕಾಯ್ತು ಅಂತ ಯಾವತ್ತಾದ್ರೂ ಅಂದಿದ್ದೀನಾ ಮಾವಾ?" ಎಂದು ಜಗಳಕ್ಕೇ ನಿಂತಳು. ಇಪ್ಪತ್ತರಲ್ಲಿ ಬಂದವಳಿಗೆ ಮೂವತ್ತು ದಾಟಿದೆ. ಎಡಿತ್‌ಳ ಆ ಫೋನ್ ಬಂದ ಮರುವಾರ ನಾನೇ ಒತ್ತಾಯ ಮಾಡಿ, ಗಾಡಿಯಲ್ಲಿ ಕೂರಿಸಿಕೊಂಡು ಇಬ್‌ನ ನ್ಯಾಯಾಲಯಕ್ಕೆ ಕರೆದೊಯ್ದೆ. ಅವಳ ಪರವಾಗಿ ಸಾಕ್ಷಿಗೆ ನಿಂತವನೂ ನಾನೇ.

"ಮಗ ಯಾವಾಗ ಬರ್ತಾನೆ, ಗೊತ್ತಾ?" ಎಂದು ಖಾಜಿ ಕೇಳಿದರು.

"ಇಲ್ಲ."

"ಗೊತ್ತಿರೋರು ಯಾರಾದ್ರೂ ಇದ್ದಾರಾ?"

"ಇಲ್ಲ."

ಮಧ್ಯಾಹ್ನದ ನಮಾಜಿಗೆ ಮೊದಲೇ ತೀರ್ಪಾಯಿತು. ಅಲ್ಲಿಂದಲೇ ಅವಳನ್ನು ಯರೀಮಿಗೆ, ಅಣ್ಣನ ಮನೆಗೆ ಬಿಟ್ಟೆ. ಇಳಿಯುವಾಗ, "ಶುಕ್ರವಾರ ಅರ್ವಾನ ಕರ್ಕೊಂಡು ಬನ್ನಿ ಮಾವಾ" ಎಂದಳು. ಪ್ರತಿ ಶುಕ್ರವಾರ ಕರೆದೊಯ್ಯುತ್ತೇನೆ.

ಎಷ್ಟು ಸಹಿ ಹಾಕಿದರೂ ನಿನ್ನನ್ನು ಬಿಡಿಸಲಾಗಲಿಲ್ಲ. ಅವಳನ್ನು ಬಿಡಿಸಿದೆ. ಅವಳ ಮೇಲೆ ಸಿಟ್ಟಾಗಬೇಡ, ನನ್ನ ಮೇಲೆ ಆಗು. ಮುಂದಿನ ಸಲ ವಿಡಿಯೋದಲ್ಲಿ ಎದುರಿಗೆ ಕೂತು ಎಷ್ಟು ಬೇಕಾದರೂ ಬೈ, ಉಳಿದವರನ್ನೆಲ್ಲ ಹೊರಗೆ ಕಳಿಸಿ ಕೇಳಿಸಿಕೊಳ್ಳುತ್ತೇನೆ. ಬರುವುದಿಲ್ಲ ಎಂದು ಮಾತ್ರ ಹೇಳಿ ಕಳಿಸಬೇಡ.