ಎರಡೂ ಕಾಲು ಒಳಗೆ ಬಂದ ಮೇಲೆ ರೈಟ್

ಹೊಸಪೇಟೆ,
14 ನವೆಂಬರ್ 2025, ಶುಕ್ರವಾರ

ಸೌಜನ್ಯಳ ಅಪ್ಪನವರಿಗೆ ಪಂಪಾವತಿಯ ಶರಣಾರ್ಥಿ.

ಮೊಣಕಾಲು ನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಗುಳಿಗೆ ತೆಗೆದುಕೊಳ್ಳುತ್ತಿದ್ದೀರಾ? ತಮ್ಮನ ಮನೆಯ ಮಿರ್ಚಿಗೆ ಮನಸೋತು ಹೊಟ್ಟೆ ಕೆಡಿಸಿಕೊಂಡಿಲ್ಲ ತಾನೆ? ಫೋನ್ ಮಾಡಿದರೆ ನನ್ನ ಹೆಸರು ಕಂಡ ಕೂಡಲೇ ಕಟ್ ಮಾಡುತ್ತೀರಿ. ಅದಕ್ಕೇ ಈ ಕಾಗದವನ್ನು ಸಂಡೂರು ಬಸ್ಸಿನ ಡ್ರೈವರ್ ಹಾಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಮುಗಿಸುವ ತನಕ ಎದ್ದು ಹೋಗಬೇಡಿ.

ಮಗಳು ಕಂಡಕ್ಟರ್ ಕೆಲಸಕ್ಕೆ ಸೇರಿದ ದಿನ ನೀವು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ‘ಗಂಡಸ್ರು ಒದರಿದ್ರ ಕೇಳ್ಸಂಗಿಲ್ಲ, ಈಕಿ ರೈಟ್ ಅಂದ್ರ ಯಾವ ಡ್ರೈವರ್ ಕೇಳ್ತಾನ?’ ಎಂದು ಚೀಲ ಹೆಗಲಿಗೇರಿಸಿ ಸಂಡೂರಿಗೆ, ತಮ್ಮ ಗಾದಿಲಿಂಗಪ್ಪನ ಮನೆಗೆ ಹೋಗಿ ಕುಳಿತಿರಿ. ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು ನೀವು. ಆ ಪದ ಕಿವಿಗೆ ಬೀಳದೆ ಒಂದು ಗೇಣೂ ಮುಂದೆ ಹೋದವರಲ್ಲ. ಶಾಲೆಯಲ್ಲಿ ನಮಗೆ ರೈಟ್ ಎಂದರೆ ಬಲಗಡೆ, ರೈಟ್ ಎಂದರೆ ಸರಿ ಎಂದು ಹೇಳಿಕೊಟ್ಟಿದ್ದರು. ನಿಮ್ಮನ್ನು ಕಟ್ಟಿಕೊಂಡ ಮೇಲೆ ಅದಕ್ಕೆ ಇನ್ನೂ ಎಷ್ಟು ಅರ್ಥ ಕಲಿತೆನೋ! ಊಟ ಸಾಕಾದರೂ ರೈಟ್, ಚಹಾ ಬೇಕಾದರೂ ರೈಟ್. ನನ್ನನ್ನು ನೋಡಲು ಬಂದಾಗ ‘ಹುಡುಗಿ ಒಪ್ಪಿಗಿ ಏನಪಾ?’ ಎಂದ ನಮ್ಮ ಸೋದರಮಾವನಿಗೂ ‘ರೈಟ್’ ಎಂದುಬಿಟ್ಟಿರಿ. ಬಾಗಿಲ ಹಿಂದೆ ನಾನು ನಕ್ಕಿದ್ದು ನಿಮಗಿನ್ನೂ ಗೊತ್ತಿಲ್ಲ. ಸೌಜನ್ಯ ನಿಮ್ಮ ಬೆರಳು ಬಿಟ್ಟು ಮೊದಲ ಹೆಜ್ಜೆ ಇಟ್ಟದ್ದೂ ನೀವು ರೈಟ್ ಅಂದ ಮೇಲೆಯೇ.

ಮಂಗಳವಾರ ಆಕೆಗೆ ಹೇಳದೆ ಆಕೆಯ ಕಂಪ್ಲಿ ಬಸ್ಸು ಹತ್ತಿ, ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕುಳಿತೆ. ನಿಮ್ಮ ಮಾತೇ ನಿಜವಾಗಿಬಿಟ್ಟರೆ ಏನು ಗತಿ ಎಂದು ಕೊಟ್ಟೂರು ಬಸವೇಶ್ವರನನ್ನು ನೆನೆದೆ. ಟಿಕೆಟ್ಟಿಗೆ ಬಂದಾಗ ಸಿಕ್ಕಿಬಿದ್ದೆ. ‘ಅವ್ವಾ, ಆಧಾರ್ ಕಾರ್ಡ್ ತೋರ್ಸು’ ಎಂದಳು, ಮುಖದಲ್ಲಿ ನಗುವೇ ಇಲ್ಲ! ಕಮಲಾಪುರದಲ್ಲಿ ಒಬ್ಬ ಅಜ್ಜಿ ಬಾಳೆಗೊನೆ ಹೊತ್ತು ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ‘ರೈಟ್ ಅನ್ರೀ ಮೇಡಂ, ಲೇಟಾತು’ ಎಂದು ಅರ್ಧ ಬಸ್ಸೇ ಕೂಗಿತು. ಸೌಜನ್ಯ ಗೊನೆ ಹಿಡಿದುಕೊಂಡು, ‘ತಡೀರಿ, ಅಜ್ಜಿದು ಎರಡೂ ಕಾಲು ಒಳಗ ಬರ್ಲಿ’ ಎಂದಳು. ನೀವು ಅವಸರದ ಕಂಡಕ್ಟರುಗಳಿಗೆ ಬೈಯುತ್ತಿದ್ದ ಮಾತು ಅದು. ಊಟಕ್ಕೆ ಕುಳಿತಾಗೆಲ್ಲ ನಿಮ್ಮ ಬಾಯಿಂದ ಕೇಳುತ್ತಲೇ ಬೆಳೆದಳಲ್ಲ. ಅಜ್ಜಿ ಕುಳಿತ ಮೇಲೆ ‘ರೈಟ್’ ಎಂದಳು. ಜೋರಾಗಿ ಏನಲ್ಲ, ಮನೆಯಲ್ಲಿ ನನ್ನನ್ನು ಕರೆಯುವ ದನಿಯಲ್ಲೇ. ಬಸ್ಸು ಹೊರಟಿತು. ನನಗೆ ಸಂತೋಷಕ್ಕೆ ಅಳುವೇ ಬಂತು, ಪಕ್ಕದವರು ಬಾಳೆಹಣ್ಣು ಕೊಟ್ಟು ಸಮಾಧಾನ ಮಾಡಿದರು.

ಇಲ್ಲಿ ಎಲ್ಲ ಕ್ಷೇಮ. ನೀವಿಲ್ಲದ್ದೊಂದೇ ಬೇಸರ. ಗಾದಿಲಿಂಗಪ್ಪನಿಗೂ ಅವನ ಹೆಂಡತಿಗೂ ನನ್ನ ಶರಣು ತಿಳಿಸಿ. ಕೊಟ್ಟೂರು ಬಸವೇಶ್ವರ ನಿಮ್ಮ ಮೊಣಕಾಲಿನ ಜೊತೆಗೆ ಮೂಗಿನ ತುದಿಯ ಸಿಟ್ಟನ್ನೂ ವಾಸಿ ಮಾಡಲಿ.

ಇಂತಿ ನಿಮ್ಮ
ಪಂಪಾವತಿ

ತಾ.ಕ.: ಬರೆಯುವುದನ್ನೇ ಮರೆತಿದ್ದೆ. ಸೋಮವಾರದಿಂದ ಸೌಜನ್ಯಳಿಗೆ ಹಾಲೇಶನ ಬಸ್ಸು. ಸಂಜೆ ನಾಲ್ಕೂವರೆಗೆ ಅದು ಸಂಡೂರು ಬಸ್ ನಿಲ್ದಾಣದಿಂದ ಹೊಸಪೇಟೆಗೆ ಹೊರಡಬೇಕು. ‘ಅಪ್ಪಂದು ಎರಡೂ ಕಾಲು ಒಳಗ ಬರೋ ತನಕ ನಾನು ರೈಟ್ ಅನ್ನಂಗಿಲ್ಲ’ ಎಂದು ಹಟ ಹಿಡಿದಿದ್ದಾಳೆ. ಮೂವತ್ತೊಂದು ವರ್ಷ ಬಸ್ಸು ತಡ ಮಾಡದವರು ಈಗ ಮಾಡಬೇಡಿ.