ಬಾಜೂ ಎನ್ನದ ಅಕ್ಕೋರಿಗೆ

ದೀಪಾಲಿ ಅಕ್ಕೋರೇ,

ಇವತ್ತು ನಡೆದದ್ದು ಸಾಲದು ಅಂತ ನಲ್ಲಿಯಲ್ಲಿ ನೀರೂ ಇಲ್ಲ. ಕೈಗೆ ಕಾರ್ಖಾನೆಯ ಗ್ರೀಸು ಹಾಗೇ ಮೆತ್ತಿದೆ. ಬೆಳಗ್ಗೆ ಮುಕಾದಮ ಬೈದ, ಮಧ್ಯಾಹ್ನ ನನ್ನ ಡಬ್ಬಿ ಯಾರೋ ತಿಂದು ಹೋದರು, ಅಷ್ಟರಲ್ಲಿ ಗೇಟಿನ ಫೋನಿಗೆ ಊರಿಂದ ಕರೆ ಅಂತ ಕೂಗಿದರು. ಮನೆಯಲ್ಲಿ ಯಾರಿಗೇನಾಯಿತೋ ಅಂತ ಎದೆ ಹಿಡಿದುಕೊಂಡು ಓಡಿದೆ. ಆ ಕಡೆ ನಮ್ಮ ಕಾಲೇಜಿನ ಸೆಕ್ರೆಟರಿ ರಾವಸಾಹೇಬರು.

ಬರೆಯಲು ಕೂತರೆ ಅಕ್ಷರ ನಿಲ್ಲುತ್ತಿಲ್ಲ. ಅದಕ್ಕೇ ಪಕ್ಕದ ಕೋಣೆಯವಳ ಟೇಪ್ ರೆಕಾರ್ಡರ್ ಬೇಡಿ ತಂದು ಮಾತಾಡುತ್ತಿದ್ದೇನೆ. ಗೋಕಾಕದ ಬಸ್ಸು ಪುಣೆ ಬಿಡುವ ಮೊದಲು ಈ ಕ್ಯಾಸೆಟ್ಟು ಡ್ರೈವರ್ ಮಾಯಪ್ಪ ಕಾಕಾನ ಕೈ ಸೇರಬೇಕು. ನಸುಕಿಗೆ ನಿಮ್ಮ ಬಾಗಿಲಿಗೆ ತಲುಪಿಸುತ್ತಾನೆ.

ರಾವಸಾಹೇಬರು ಅಂದದ್ದು ಇಷ್ಟು: "ನಂದಿನಿ, ಎಷ್ಟ ದಿನಾ ಅಲ್ಲಿ ಬೋಲ್ಟ್ ತಿಕ್ಕೋಂತ ಕುಂದರ್ತಿ? ಫುಟ್‌ಬಾಲ್ ಹುಡುಗ್ಯಾರನ್ನ ನೋಡ್ಕೊಳ್ಳಾಕ ಬಾ. ನಾಳೆ ಹತ್ತರೊಳಗ ಹೂಂ ಅನ್ನು."

"ಹಂಗಾರ ಅಕ್ಕೋರ ಎಲ್ಲಿ ಹೊಂಟಾರ್ರಿ?" ಅಂದೆ.

"ಅವರ ತಾವಾಗೇ ಹೇಳ್ಯಾರವ್ವ. 'ಹೊಸಬರಿಗೆ ಜಾಗಾ ಆಗಲಿ, ನಾ ಬಾಜೂ ಸರೀತೇನಿ' ಅಂತ."

ಅಕ್ಕೋರೇ, ಸುಳ್ಳು ಹೇಳುವುದಿಲ್ಲ. ಆ ಕೆಲಸ ನನಗೆ ಬೇಕು. ಈ ಊರಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ. ಭಾನುವಾರ ಬಂದರೆ ಯಾರದೋ ಹುಡುಗರು ಆಡುವುದನ್ನು ಬೇಲಿಯಾಚೆ ನಿಂತು ನೋಡುತ್ತೇನೆ, ಕಾಲು ಚಪ್ಪಲಿಯೊಳಗೇ ಒದೆಯುತ್ತದೆ. ಒಂದು ಗಳಿಗೆ ನನಗೆ ಕಂಡದ್ದು ನೀವಲ್ಲ. ಮೈದಾನದ ನಡುವೆ ನಿಂತ ನಾನು. ಆಮೇಲೆ ಆ ಮಾತು ಚುಚ್ಚಿತು. ಬಾಜೂ.

ನೀವು ಮೂಡಲಗಿಯ ಸಾಲಿ ಬಿಟ್ಟು ತೊಂಬತ್ನಾಲ್ಕರಲ್ಲಿ ಗೋಕಾಕಕ್ಕೆ ಬಂದಾಗ ಕಾಲೇಜಿನವರಿಗೆ ಬೇಕಿದ್ದದ್ದು ಥ್ರೋಬಾಲು. ನೀವು ತರಿಸಿದ್ದು ಫುಟ್‌ಬಾಲು. "ಹೆಣ್ಮಕ್ಕಳಿಗೆ ಒದಿಯೂದ ಕಲಸ್ತೀರೇನ್ರಿ?" ಅಂತ ಪ್ರಿನ್ಸಿಪಾಲರು ಕೇಳಿದರೆ, "ಸದ್ಯಕ್ಕ ಚೆಂಡ ಐತ್ರಿ. ಮುಂದಿಂದ ಮುಂದ ನೋಡೂಣು" ಅಂದಿದ್ದಿರಂತೆ. ಹತ್ತರಗಿಯ ನಮ್ಮ ಮನೆಗೆ ಬಂದು, ಚಹಾ ಆರಿ ತಣ್ಣಗಾಗುವ ತನಕ ಅಪ್ಪನ ಮುಂದೆ ಕೂತು, ನನ್ನನ್ನು ಗೆದ್ದುಕೊಂಡು ಹೋದಿರಿ. ಧಾರವಾಡದಿಂದ ಮರಳುವಾಗ ಸೂರ್ಯ ಮುಳುಗಿದರೆ ಜೈನರ ನೇಮ ಅಂತ ನೀವು ಒಂದು ತುತ್ತೂ ಮುಟ್ಟುತ್ತಿರಲಿಲ್ಲ. ನಮಗೆ ಮಾತ್ರ ಬಿಸಿ ಭಜಿ ಕೊಡಿಸಿ, ತಿನ್ನುವುದನ್ನು ನೋಡುತ್ತಾ ಕೂತಿರುತ್ತಿದ್ದಿರಿ.

ಮೊದಲನೇ ಪಂದ್ಯ ನೆನಪಿದೆಯಲ್ಲ? ಎದುರಾಳಿ ಹುಡುಗಿ ಮೈಮೇಲೇ ಬರುತ್ತಿದ್ದಳು. ಚೆಂಡನ್ನು ಬದಿಗೆ ದಾಟಿಸಲಿ ಅಂತ ನೀವು ಗೆರೆಯಾಚೆಯಿಂದ "ಬಾಜೂ! ಬಾಜೂ!" ಅಂತ ಕೂಗಿದಿರಿ. ಕಲ್ಲೋಳಿಯ ಪ್ರಣಿತಾ ಚೆಂಡು ಬಿಟ್ಟು ತಾನೇ ಬದಿಗೆ ಸರಿದಳು. ಅವಳ ಹಿಂದೆ ನಾವೆಲ್ಲ ಸರಿದೆವು. ಆ ಹುಡುಗಿ ಮದುವೆ ಮನೆಯ ಬೀಗತಿಯ ಹಾಗೆ ನಮ್ಮ ನಡುವೆ ನಡೆದು ಹೋಗಿ ಗೋಲು ಹೊಡೆದಳು.

ನೀವು ಸಿಟ್ಟಿನಿಂದ ಕೇಳಿದ್ದಕ್ಕೆ ಪ್ರಣಿತಾ ಅಂದಳು, "ಅಕ್ಕೋರ, ನೀವ ಬಾಜೂ ಅಂದ್ರಿ, ಸರದ್ವಿ. ಮನ್ಯಾಗ ಕಾಕಾ ಬಂದ್ರೂ ಹಂಗ ಅಂತಾರ, ಹಾದ್ಯಾಗ ಕಬ್ಬಿನ ಟ್ರ್ಯಾಕ್ಟರ್ ಬಂದ್ರೂ ಹಂಗ ಅಂತಾರ."

ಎಲ್ಲರೂ ನಕ್ಕರು. ನೀವು ನಗಲಿಲ್ಲ. "ಇವತ್ತಿನಿಂದ ನನ್ನ ಮೈದಾನದಾಗ ಆ ಮಾತ ಬಂದ್. ನಾನೂ ಅನ್ನೂದಿಲ್ಲ, ನೀವೂ ಅನಬ್ಯಾಡ್ರಿ. ಚೆಂಡ ಬೇಕಂದ್ರ ಹೆಸರ ಹಿಡದ ಒದರ್ರಿ" ಅಂದಿರಿ. ಆಮೇಲೆ ನಾವು ಎಷ್ಟು ಒದರಿದೆವೆಂದರೆ ಸಂತೆಗೆ ಬಂದವರಿಗೆಲ್ಲ ನಮ್ಮ ಹೆಸರು ಬಾಯಿಪಾಠವಾಯಿತು. ಬಸ್ಸಿನಲ್ಲಿ ಸೀಟು ಕೇಳುವಾಗ ಕೂಡ ನಿಮ್ಮ ಬಾಯಲ್ಲಿ ಆ ಮಾತು ಮತ್ತೆ ನಾನು ಕೇಳಲಿಲ್ಲ.

ಹಾಗಾದರೆ ರಾವಸಾಹೇಬರ ಕಿವಿಗೆ ಅದು ಎಲ್ಲಿಂದ ಬಿತ್ತು? ಮೈದಾನದಲ್ಲಿ ಅಂಗಡಿ ಮಳಿಗೆ ಕಟ್ಟುತ್ತಾರಂತೆ, ನೀವು ಅಡ್ಡ ನಿಂತಿದ್ದೀರಂತೆ ಅಂತ ಪ್ರಣಿತಾ ಹೋದ ತಿಂಗಳೇ ಹೇಳಿದ್ದಳು. ಅವರಿಗೆ ಹೂಂ ಅನ್ನುವವಳು ಬೇಕು. ಊರಿಗೆ ಮರಳಲು ಹಾತೊರೆಯುವ ನನಗಿಂತ ಸಲೀಸಾಗಿ ಹೂಂ ಅನ್ನುವವಳು ಎಲ್ಲಿ ಸಿಗುತ್ತಾಳೆ?

ಆದರೂ ಒಂದು ಹೆದರಿಕೆ ಇದೆ. ಅವರು ಹೇಳಿದ್ದು ಸುಳ್ಳಾದರೆ ಸಿಟ್ಟು ಬರುತ್ತದೆ, ಅಷ್ಟೇ. ಖರೆ ಆಗಿದ್ದರೆ? ಆ ಮಾತನ್ನು ನೀವೇ ಆಡುವಷ್ಟು ದಣಿದಿದ್ದರೆ?

ನೀವಾಗಿಯೇ ಬಿಟ್ಟಿದ್ದರೆ ಹೇಳಿರಿ, ನಾಳೆಯ ಬಸ್ಸು ಹತ್ತಿ ಬಂದು ನಿಮ್ಮ ಕಾಲು ಮುಟ್ಟಿ ಕೆಲಸಕ್ಕೆ ನಿಲ್ಲುತ್ತೇನೆ. ಬಿಡಿಸುತ್ತಿದ್ದರೂ ಅದೇ ಬಸ್ಸು ಹತ್ತುತ್ತೇನೆ. ಆದರೆ ಆಫೀಸಿಗೆ ಹೋಗುವುದಿಲ್ಲ. ಪ್ರಣಿತಾಳನ್ನು, ಹಳೆಯವರನ್ನೆಲ್ಲ ಕರೆದುಕೊಂಡು ಮೈದಾನಕ್ಕೆ ಬಂದು ನಿಮ್ಮ ಜೊತೆ ಅಡ್ಡ ನಿಲ್ಲುತ್ತೇನೆ. ಪುಣೆ ಹೇಗೂ ಬಿಟ್ಟೆ. ಯಾವ ಕಡೆ ನಿಲ್ಲಬೇಕು ಅನ್ನುವುದಷ್ಟೇ ನಿಮ್ಮ ಬಾಯಿಂದ ಬರಬೇಕು.

ಸೀಟಿ ನಿಮ್ಮ ಕೊರಳಲ್ಲೇ ಇರಲಿ, ನಿಮಗೆ ಸಾಕು ಅನ್ನಿಸುವ ತನಕ. ಚಿಕ್ಕವಳು ದೊಡ್ಡವರನ್ನು ಹರಸಬಾರದು, ಆದರೂ ಹರಸಿದ್ದೇನೆ.

ನಿಮ್ಮ ಕೂಗಿಗೆ ಓಡಿ ಕಲಿತ,
ಹತ್ತರಗಿಯ ನಂದಿನಿ

ರಾವಸಾಹೇಬರಿಗಿಂತ ಮೊದಲು ನಿಮ್ಮ ದನಿ ಕೇಳಬೇಕು. ನಿಮ್ಮ ಓಣಿಯ ಕಾಶೆವ್ವನ ಅಂಗಡಿಯ ಫೋನಿನ ಹತ್ತಿರ ಬಂದು ನಿಂತಿರಿ, ಫೋನ್ ಮಾಡುತ್ತೇನೆ: ಬೆಳಗ್ಗೆ ಒಂಬತ್ತಕ್ಕೆ.