ಗೀಟು ಹಾಕದ ಮನಿ

ಓಂ ನಮಃ ಶಿವಾಯ

ಪೋತ್ನಾಳ
ಸೋಮವಾರ, 17 ಫೆಬ್ರವರಿ 2025

ದೇವದುರ್ಗದ ನನ್ನ ಗೆಳತಿ ನಿಗಾರಗ ಮಹಾಂತಮ್ಮನ ಶರಣು.

ನೀ ಹೊಲಿದು ಬಸ್ಸಿನಾಗ ಕೊಟ್ಟು ಕಳಿಸಿದ ಕುಪ್ಪಸ ಮುಟ್ಟ್ಯಾವ. ಮುಟ್ಟಿ ಬಾಳ ದಿನ ಆತು. ತೋಳು ಸರಿ ಕುಂತಾವ, ಬೆನ್ನು ಸರಿ ಕುಂತದ. ಹೆಸರಿಡಾಕ ಏನೂ ಸಿಗಲಿಲ್ಲ, ಅದಕ್ಕೂ ಸಿಟ್ಟು ಬಂತು. ನೀ ಫೋನ್ ಮಾಡಿದಾಗೆಲ್ಲ ಎತ್ತಲಿಲ್ಲ, ತಪ್ಪು ತಿಳ್ಕೋಬ್ಯಾಡ ಅಂತ ಬರಿಬೇಕು. ಆದ್ರ ನೀ ತಿಳ್ಕೊಂಡದ್ದು ಸರಿನೇ ಅದ, ಬೇಕಂತಲೇ ಎತ್ತಲಿಲ್ಲ. ನಿನ್ನ ದನಿ ಕೇಳಿದ್ರ "ಏನ್ ಅಡಿಗಿ ಮಾಡಿದಿ" ಅಂತ ಶುರು ಮಾಡಿಬಿಡ್ತೀನಿ, ಬೈಯೋದು ಹಂಗೇ ಉಳದುಬಿಡ್ತದ. ಅದಕ್ಕ ಈ ಕಾಗದ.

ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚು ಬಂದದ ನಿಗಾರ್. ಗಬ್ಬೂರ ಸಾಲ್ಯಾಗ ಮಾಸ್ತರು ನಿನ್ನ ಅಕ್ಷರ ತೋರಿಸಿ ನನಗ ಬೈದಾಗಲೂ ಬಂದಿದ್ದಿಲ್ಲ. ನನ್ನ ಮಗಳು ಉಮಾಶ್ರೀ ತನಗ ಹೆಣ್ಣಿನ ಮ್ಯಾಲೇ ಮನಸ್ಸು, ಗಂಡನ್ನ ಮದುವಿ ಆಗಂಗಿಲ್ಲ ಅಂತ ನನಗ ಹೇಳಿದ್ದು ಮೊನ್ನಿ ದಸರಿಗೆ. ನಿನಗ ಹೇಳಿದ್ದು ಪಿಯುಸಿ ಓದುವಾಗ, ನಿನ್ನ ಮನ್ಯಾಗ ಇದ್ದಾಗ. ಅವತ್ತಿನಿಂದ ನೀ ನನ್ನ ಜೋಡಿ ಎಷ್ಟು ಸಲ ಉಂಡಿ, ನಕ್ಕಿ! ಉಮಾಗ ವರ ನೋಡಾಕತ್ತೀನಿ ಅಂದ್ರ "ನೋಡಂತಿ ತಗೋ, ಯಾಕ ಅವಸರ" ಅಂದಿ. ಒಂದು ಸಲನೂ ಬಾಯಿ ಬಿಡಲಿಲ್ಲ.

ನಿನಗ್ಯಾರು ಹೇಳಿದ್ರು ಅಂತ ಕೇಳ್ತಿ. ಒಂದು ಆಟ ಹೇಳ್ತು.

ರಾಯಚೂರಾಗ ಎರಡು ದಿನ ಒಂದು ಶಿಬಿರ ನಡೀತು. ಆಟ ಆಡೋ ಶಿಬಿರ ಅಲ್ಲ, ಹೊಸಾ ಆಟ ಕಟ್ಟೋ ಶಿಬಿರ. ಹೆಣ್ಣನ್ನ ಮೆಚ್ಚಿದ ಹೆಣ್ಣು, ಗಂಡನ್ನ ಮೆಚ್ಚಿದ ಗಂಡು, ಗಂಡಾಗಿ ಹುಟ್ಟಿ ಹೆಣ್ಣಾದವರು, ನಮ್ಮನ್ನ ಎರಡರಾಗೂ ಸೇರಿಸಬ್ಯಾಡ್ರಿ ಅನ್ನೋರು, ಎಲ್ಲಾರೂ ಕೂಡಿ ತಮ್ಮ ತಮ್ಮ ಬದುಕಿನ ಕಥಿನ್ನೇ ಆಟ ಮಾಡಬೇಕು. ಒಬ್ಬರು ಫೋನಿನಾಗ ಮಾಡಿದ್ರ, ಒಬ್ಬರು ರಟ್ಟು ಕತ್ತರಿಸಿ ಇಸ್ಪೀಟ್ ಎಲಿ ಹಂಗ ಮಾಡಿದ್ರು. ಎರಡನೇ ದಿನ ಮನಿಮಂದಿನೂ ಬರಬಹುದು ಅಂತಿತ್ತು. "ಅವ್ವ, ನೀ ಬಾ. ಬಂದು ಕುಂತ್ರ ಸಾಕು, ಏನೂ ಮಾತಾಡಬ್ಯಾಡ" ಅಂದ್ಲು ಉಮಾ. ಮನಿಯವರಿಗೆ ನಾವು ಇನ್ನೂ ಏನೂ ಹೇಳಿಲ್ಲ. ಕಣ್ಣು ತೋರಿಸಿಕೊಂಡು ಬರ್ತೀನಿ ಅಂದು, ಸೇಂಗಾ ಹೋಳಿಗಿ ಕಟ್ಟಿಕೊಂಡು ಬಸ್ ಹತ್ತಿದೆ. ಸುಳ್ಳು ಹೇಳಿದ್ದಕ್ಕ ಶಿವ ಏನಾರ ಮಾಡ್ಕೊಳ್ಳಲಿ.

ಬಾಗಿಲದಾಗ ಮಾನ್ವಿ ಕಡಿಯಾಕಿ ದುರ್ಗಾ ಅಂತ ಒಬ್ಬಾಕಿ, ಎತ್ತರದ ಆಳು, ಹಣಿ ತುಂಬ ಕುಂಕುಮ, ನನ್ನ ಕೈಯಾಗಿನ ಡಬ್ಬಿ ಇಸ್ಕೊಂಡ್ಲು. ನಾ ಮೆಲ್ಲಕ "ಅಂಥವರೆಲ್ಲ ಯಾವ ಕಡಿ ಕುಂತಾರವ್ವಾ?" ಅಂತ ಕೇಳಿಬಿಟ್ಟೆ. ಆಕಿ ಸೊಂಟದ ಮ್ಯಾಲ ಕೈ ಇಟ್ಟು, "ಎಂಥವರು ಯವ್ವಾ? ನಾನೇ ಅಂಥಾಕಿ. ಹೋಳಿಗಿ ನನಗ ಕೊಡ್ತಿಯೋ, ಒಳಗ ಹೋಗಿ ನನಗಿಂತ ಚೊಲೊ ಅಂಥವರನ್ನ ಹುಡುಕ್ತಿಯೋ?" ಅಂದ್ಲು. ಸುತ್ತ ನಿಂತೋರೆಲ್ಲ ನಕ್ಕರು, ನನಗೂ ತಡಿಲಿಲ್ಲ. ಆಮ್ಯಾಲ ಆಕಿನೇ ನನ್ನ ಪಕ್ಕ ಕುಂತು ಅರ್ಧ ಡಬ್ಬಿ ಖಾಲಿ ಮಾಡಿದ್ಲು.

ಉಮಾ ಕಟ್ಟಿದ್ದು ಚೌಕಾಬಾರ. ನಿಮ್ಮ ಮನಿ ಕಟ್ಟಿ ಮ್ಯಾಲ ಇದ್ದಲಿಲೆ ಬರದು ನಾವಿಬ್ಬರೂ ಆಡ್ತಿದ್ವಲ್ಲ, ಅದೇ. ಅಡ್ಡಗೀಟು ಎಳದ ಮನ್ಯಾಗ ಕುಂತ ಕಾಯಿನ್ನ ಯಾರೂ ಹೊಡಿಯಂಗಿಲ್ಲ, ಬಯಲು ಮನ್ಯಾಗ ಸಿಕ್ಕರ ಬಿಡಂಗಿಲ್ಲ. ಆದ್ರ ನಮ್ಮ ಆಟದಾಗ ಒಂದು ಕಾಯಿ ಹೊಡದ ಮ್ಯಾಲೇ ಒಳಸುತ್ತಿಗೆ ದಾರಿ. ಉಮಾನ ಆಟದಾಗ ಹೊಡದವರಿಗೆ ದಾರಿ ಇಲ್ಲ. ಗೀಟಿನ ಮನ್ಯಾಗ ಕುಂತು "ನಾ ಇಂಥಾಕಿ" ಅಂತ ಒಬ್ಬರ ಮುಂದ ಬಾಯಿ ಬಿಟ್ಟವರಿಗೆ ಮಾತ್ರ. ಮನಿಗೊಂದು ಹೆಸರು ಸಣ್ಣ ಅಕ್ಷರದಾಗ ಬರದಿದ್ಲು.

ಉಮಾ, ನಾನು, ದುರ್ಗಾ, ಸುಜಾತಾ ಆಡಾಕ ಕುಂತ್ವಿ. ಸುಜಾತಾ ಅಂದ್ರ ಉಮಾನ ಜೋಡಿ ರಕ್ತ ಪರೀಕ್ಷೆ ಲ್ಯಾಬಿನಾಗ ಕೆಲಸ ಮಾಡಾಕಿ, ಉಮಾ ಮೆಚ್ಚಿದಾಕಿ. ಆಕಿ ಮ್ಯಾಲ ನನಗ ಸಿಟ್ಟಿಲ್ಲ, ಖರೇನೇ ಇಲ್ಲ. ಇದ್ದದ್ದೆಲ್ಲ ನಿನಗ ಇಟ್ಟೀನಿ.

ಕವಡಿ ಕೈಗೆ ಬಂದ ಕೂಡ್ಲೆ ಎಲ್ಲಿ ಕುಂತೀನಿ ಅನ್ನೋದೇ ಮರತೆ. ಆಟಕ್ಕ ಕುಂತ್ರ ನನಗ ಅವ್ವ ಇಲ್ಲ, ಮಗಳಿಲ್ಲ, ನಿನಗ ಗೊತ್ತಲ್ಲ. ಮೂರು ಬಿತ್ತು. ಉಮಾನ ಕಾಯಿ ಬಯಲು ಮನ್ಯಾಗ ಕುಂತಿತ್ತು. "ಹೊಡದೆ ನೋಡಲೇ!" ಅಂತ ಎತ್ತಿ ಹೊರಗ ಒಗದೆ. ದುರ್ಗಾ ಚಪ್ಪಾಳಿ ಬಡದ್ಲು. ಉಮಾ ನಗಲಿಲ್ಲ. ಸುಜಾತಾ ನನ್ನ ಕಡಿ ಬಗ್ಗಿ, "ಅವ್ವಾರೆ, ಆ ಮನಿ ಹೆಸರು ಓದ್ರಿ" ಅಂದ್ಲು.

ಚಸ್ಮಾ ಹಾಕ್ಕೊಂಡು ಓದಿದೆ. "ಪೋತ್ನಾಳ, ನಮ್ಮ ಮನಿ" ಅಂತಿತ್ತು.

ಹಂಗಾರ ಗೀಟು ಯಾವ ಮನಿಗೆ ಹಾಕ್ಯಾಳ ಅಂತ ಬೆರಳಿಟ್ಟು ನೋಡ್ತಾ ಹೋದೆ. ಮೊದಲನೇದೇ "ದೇವದುರ್ಗ, ನಿಗಾರ್ ಖಾಲಾನ ಮನಿ". ಯಾಕ ಅಂತ ಕೇಳಿದೆ. "ಮೊದಲು ಅಲ್ಲೇ ಹೇಳಿದ್ದೆ ಅವ್ವ, ಪಿಯುಸಿ ಇದ್ದಾಗ" ಅಂದ್ಲು. ತಲಿ ಎತ್ತಲಿಲ್ಲ. ವಿಷಯ ಬದಲಿ ಮಾಡಬೇಕಂತ ಸುಜಾತಾ, "ಖಾಲಾನ ಶೀರ್ ಖುರ್ಮಾ ತಿಂದೀರೇನ್ರಿ? ರಂಜಾನ್ ಹಬ್ಬಕ್ಕ ನಾವು ಹೋಗಿದ್ವಿ, ಬಿಟ್ಟು ಏಳಾಕ ಮನಸ್ಸೇ ಬರಲಿಲ್ಲ" ಅಂದ್ಲು. ಅದೂ ಆತೇನು ನಿಗಾರ್? ಇಬ್ಬರನ್ನೂ ಕುಂದರಿಸಿ ಉಣಿಸಿದಿ!

ದುರ್ಗಾಗ ನನ್ನ ಮಾರಿ ನೋಡಿ ಪಾಪ ಅನಿಸಿರಬೇಕು. "ಅದಕ್ಯಾಕ ಮಾರಿ ಸಣ್ಣ ಮಾಡ್ತಿ ಯವ್ವಾ? ತಗೋ, ನಿನ್ನ ಮನಿಗೆ ನೀನೇ ಗೀಟು ಹಾಕು" ಅಂತ ಸ್ಕೆಚ್ ಪೆನ್ನು ಕೊಟ್ಲು. ಮುಚ್ಚಳ ತಗದೆ. ಉಮಾ ಆ ಮನಿ ಮ್ಯಾಲ ಅಂಗೈ ಇಟ್ಟುಬಿಟ್ಲು.

"ಬ್ಯಾಡವ್ವ. ನೀ ಹಾಕಿದ್ರ ಆಟ ಸುಳ್ಳಾಗ್ತದ. ಅದು ನಾ ಹಾಕೋದು."

ಜೋರಾಗಿ ಅಂದಿದ್ರ ಬೈದು ಹಗುರಾಗ್ತಿದ್ದೆ. ಸಣ್ಣಗ ಅಂದ್ಲು.

"ಯಾವಾಗ ಹಾಕ್ತಿ?"

"ಇಬ್ಬರೂ ಬಂದು ನಿನ್ನ ಕೈಲೆ ಉಂಡ ದಿನ."

"ಹಂಗಾರ ಶಿವರಾತ್ರಿಗೆ ಊಟಕ್ಕ ಬರ್ರಿ" ಅಂದುಬಿಟ್ಟೆ. ದುರ್ಗಾ ಬಿದ್ದು ಬಿದ್ದು ನಕ್ಕಳು. "ಉಪವಾಸದ ದಿನ ಊಟಕ್ಕ ಕರಿಯಾಕಿನ್ನ ಇವತ್ತೇ ಕಂಡೆ ನೋಡ್ರಿ!" ಹುಟ್ಟಿದಾಗಿಂದ ಶಿವರಾತ್ರಿ ಉಪವಾಸ ಬಿಡದ ನನ್ನ ಬಾಯಾಗ ಆ ಮಾತು ಹೆಂಗ ಬಂತೋ. ಮರುದಿನ ಪಾರಣಿಗೆ ಬರ್ರಿ ಅಂತ ತಿದ್ದಿದೆ. ಉಮಾ ಸುಜಾತಾನ ಮಾರಿ ನೋಡಿದ್ಲು, ಆಮ್ಯಾಲ ನನ್ನ ಮಾರಿ. "ಬರ್ತೀವಿ. ಅಪ್ಪಗ ನೀ ಹೇಳಿರಬೇಕು" ಅಂದ್ಲು. ಹೂಂ ಅಂದು ಬಂದೀನಿ. ಇನ್ನೂ ಹೇಳಿಲ್ಲ. ಮನಿಯವರು ದಿನಾ ಕೇಳ್ತಾರ, "ಡಾಕ್ಟರ್ ಏನಂದ, ಕಣ್ಣಿಗೆ?" ಅಂತ.

ನೀ ಏನಾರ ತಪ್ಪು ಮಾಡಿದ್ರ ಕ್ಷಮಾ ಮಾಡಿ ಬಿಡ್ತಿದ್ದೆ. ನೀ ಮಾಡಿಲ್ಲ. ಉಮಾನ ಗುಟ್ಟು ಕಾದಿ, ಆಕಿನ್ನ ಹೊಟ್ಟಿಗೆ ಹಾಕ್ಕೊಂಡಿ. ಅದಕ್ಕೇ ಉರಿ ಆರವಲ್ದು. ಈ ಕಿಚ್ಚು ತಗಿ ಶಿವನೇ ಅಂತ ಕಣ್ಣು ಮುಚ್ಚಿದ್ರ ಮುಂದ ನಿನ್ನ ಮಾರಿನೇ ಬರ್ತದ.

ಮಂಡಿ ನೋವಿಗೆ ಎಳ್ಳೆಣ್ಣಿ ತಿಕ್ಕು, ಮಷೀನ್ ಮುಂದ ಬಾಳ ಹೊತ್ತು ಕುಂದರಬ್ಯಾಡ. ನಿನ್ನ ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಅಲ್ಲಾನೂ ನನ್ನ ಶಿವನೂ ಕೂಡಿ ನಿನ್ನ ಮನಿ ತಂಪಾಗಿ ಇಡಲಿ. ಪಾರಣಿಗೆ ನಿನ್ನ ಕರಿಯಾಕತ್ತಿಲ್ಲ. ಆ ಒಂದಿನ ನನಗ ಬಿಡು.

ನಿನ್ನ
ಮಹಾಂತಮ್ಮ

ತಾ.ಕ.: ಲಕೋಟಿ ಅಂಟಿಸಾಕ ಹೋಗಿ ನಿಂತೆ. ದಸರಿಗೆ ಉಮಾ ಹೇಳಿದಾಗ ನನ್ನ ಬಾಯಿಂದ ಒಂದು ಮಾತೂ ಹೊಂಡಲಿಲ್ಲ. ಅವತ್ತಿನಿಂದ ದಿನಾ ಲಿಂಗಪೂಜಿ ಮುಗಿಸುವಾಗ "ಮಗಳು ಮೊದಲು ನನ್ನ ಹಂತೇಕ ಬಂದ್ಲಲ್ಲ ಶಿವನೇ, ಅಷ್ಟು ಸಾಕು" ಅಂತ ಕೈ ಮುಗೀತಿದ್ದೆ. ಅದೊಂದನ್ನೇ ಹಿಡ್ಕೊಂಡು ಇಲ್ಲೀತನಕ ನಡದೆ. ಈಗ ಆ ಮಾತು ಬಿಟ್ಟೇ ಕೈ ಮುಗೀತೀನಿ. ನಿನಗ ಹೇಳಿದಾಗ ನೀ ಏನಂದಿ ಅಂತ ಉಮಾನ್ನ ಕೇಳಿದೆ. "ಅದು ನಂದು, ಖಾಲಾಂದು" ಅಂದ್ಲು. ನೀನೂ ಹೇಳಬ್ಯಾಡ ನಿಗಾರ್. ಗೊತ್ತಾದ್ರ ಅವರಿಬ್ಬರು ಪಾರಣಿಗೆ ಬಂದ ದಿನ ನಾನೂ ಅದನ್ನೇ ಅಂದುಬಿಡ್ತೀನಿ, ಆಕಿಗೆ ಅದು ನಿನ್ನ ದನ್ಯಾಗೇ ಕೇಳಸ್ತದ.